ಫೀ ತುಂಬಿದಾಕಿ

ನಮ್ಮ ಅತ್ತೆಯವರ ಬಲಗಿವಿಯ ಹಾಲೆ ಎಡಗಿವಿಯದಕ್ಕಿಂತ ಅರ್ಧ ಬೆರಳು ಉದ್ದವಿತ್ತು. ಏನಾದರೂ ತಲೆಗೆ ಹೊಕ್ಕಾಗಲೆಲ್ಲ ಅದನ್ನೇ ಹಿಡಿದು ಎಳೆಯುತ್ತಿದ್ದುದರಿಂದ ಹಾಗಾಗಿರಬೇಕೆಂದು ನನ್ನ ಗುಮಾನಿ. ಕೈ ಕಿವಿಗೆ ಹೋಯಿತೆಂದರೆ ಒಂದು ಪ್ರಶ್ನೆ ಬರುತ್ತದೆ, ಉತ್ತರ ಕೊಟ್ಟರೆ ಇನ್ನೊಂದು ಬರುತ್ತದೆ ಎಂಬುದು, ಬೈಲಹೊಂಗಲದ ಆ ಮನೆಗೆ ಸೊಸೆಯಾಗಿ ಬಂದ ಮೊದಲ ವಾರದಲ್ಲೇ ನನಗೆ ತಿಳಿದುಹೋಯಿತು.

ನನ್ನ ತವರು ಸವದತ್ತಿ. ಮದುವೆಗೆ ಮೊದಲೇ ಗ್ರಂಥಾಲಯ ವಿಜ್ಞಾನದಲ್ಲಿ ಬಿ.ಲಿಬ್. ಮುಗಿಸಿದ್ದೆ. ಬೈಲಹೊಂಗಲದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಹಂಗಾಮಿ ಕೆಲಸವೂ ಸಿಕ್ಕಿತ್ತು. ತೊಂಬತ್ತರ ದಶಕದ ಕೊನೆ ಅದು. ಒಂದು ದಿನ ಪ್ರಾಚಾರ್ಯರು ಕರೆದು, "ಎಂ.ಲಿಬ್. ಮಾಡ್ಕೊಂಡು ಬರ್ರಿ. ಒಂದ್ ವರ್ಸ ನಿಮ್ಮ ಜಾಗಾ ಹೆಂಗರೆ ಮಾಡಿ ಹಿಡದಿಡತೇನಿ. ಅದರ ಮ್ಯಾಲೆ ನನ್ನ ಕೈಯಾಗ ಇಲ್ಲ" ಎಂದರು. ಅಂದರೆ ಒಂದು ವರ್ಷ ಪಗಾರವಿಲ್ಲ, ಮೇಲೆ ಫೀ, ದಿನಾ ಧಾರವಾಡಕ್ಕೆ ಬಸ್ಸು.

ಅರಳೆ ಜಿನ್ನಿನಲ್ಲಿ ಗುಮಾಸ್ತರಾಗಿದ್ದ ನನ್ನ ಗಂಡ "ಮುಂದಿನ ವರ್ಸ ನೋಡೂಣು" ಎಂದು ಪೇಪರು ಬಿಡಿಸಿಕೊಂಡರು. ಅಪ್ಪ "ಮದಿವಿ ಮಾಡಿ ಕೊಟ್ಟೇವಿ, ಇನ್ನ ಆ ಮನಿಯವರನ್ನ ಕೇಳವ್ವಾ" ಎಂದರು. ಬ್ಯಾಂಕಿನವರು ಎಂಜಿನಿಯರಿಂಗಿಗಾದರೆ ಸಾಲ ಕೊಡಬಹುದಿತ್ತೆಂದರು. ಇದನ್ನೆಲ್ಲ ಗಂಡನ ಮುಂದೆ ಹೇಳಿಕೊಳ್ಳುತ್ತಿದ್ದಾಗ ಅತ್ತೆಯವರ ಕೈ ಕಿವಿಗೆ ಹೋಯಿತು.

"ಪುಸ್ತಕಾ ಕೊಡೂದು, ತಗೊಳ್ಳೂದು. ಅದಕ್ಕ ಇನ್ನೊಂದ್ ವರ್ಸ ಏನ್ ಕಲೀತಿ?"

ಮೊದಲೇ ಉರಿಯುತ್ತಿದ್ದ ನಾನು ಅರ್ಧ ತಾಸು ಒದರಿದೆ. ಎಲ್ಲ ಕೇಳಿ "ಹಂಗಾರ ಆತು" ಎಂದು ರೊಟ್ಟಿ ಬಡಿಯಲು ಎದ್ದುಹೋದರು.

ಮೂರನೆಯ ದಿನ ಮನೆಗೆ ಬಂದರೆ ಬೀದಿ ಕಡೆಯ ಖೋಲಿಯಲ್ಲಿ ಒಬ್ಬ ದರ್ಜಿ ಟೇಪು ಹಿಡಿದು ಗೋಡೆ ಅಳೆಯುತ್ತಿದ್ದ. ಅದು ಅತ್ತೆಯವರ ಖೋಲಿ. ತೀರಿಹೋದ ಮಾವನವರು ಅವರಿಗೆಂದೇ ಕಟ್ಟಿಸಿದ್ದು. ಅದರ ಕಿಟಕಿಯಲ್ಲಿ ಕುಳಿತು ಹೋಗಿ ಬರುವವರನ್ನೆಲ್ಲ ಮಾತಾಡಿಸುವುದೇ ಅವರ ಮಧ್ಯಾಹ್ನ.

"ಯಾರನ್ನ ಕೇಳಿ ಬಾಡಗಿಗೆ ಕೊಟ್ಟ್ರಿ?" ಎಂದೆ.

"ನನ್ನ ಖೋಲಿ. ಯಾರನ್ನ ಕೇಳ್ಲಿ?" ಎಂದು ದರ್ಜಿ ಕೊಟ್ಟ ಮುಂಗಡವನ್ನು ಹಾಗೆಯೇ ನನ್ನ ಕೈಗಿಟ್ಟರು. "ಫೀ ತುಂಬು, ಹೋಗು. ಬಾಡಗಿ ಬಸ್ಸಿಗಾಗತೈತಿ."

ಅವರ ಮಂಚ ಅಡಿಗೆಮನೆಯ ಮಗ್ಗುಲಿಗೆ ಬಂತು. ನಾನು ಕೃತಜ್ಞಳಾಗಿರಬೇಕಿತ್ತು. ಇದ್ದೆ ಕೂಡ, ಒಂದು ವಾರ.

ಆಮೇಲೆ ಶುರುವಾಯಿತು ಕಾಟ. ಸಂಜೆ ಏಳಕ್ಕೆ ಬಸ್ಸಿಳಿದು ಬಂದು ಮುಖಕ್ಕೆ ನೀರು ಹಾಕಿಕೊಳ್ಳುವುದರೊಳಗೆ "ಇವತ್ತ ಏನ್ ಹೇಳಿಕೊಟ್ರು?" ಎಂಬ ವಿಚಾರಣೆ. "ನಿಮಗ ತಿಳಿಯೂದಿಲ್ಲರಿ ಅತ್ತಿ" ಎಂದರೆ, "ಫೀ ತುಂಬಿದಾಕಿ ನಾನು. ತಿಳಿಯೂ ಹಂಗ ಹೇಳು." ಹೇಳದೆ ತಾಟು ಮುಂದೆ ಬರುತ್ತಿರಲಿಲ್ಲ. ಒಂದು ದಿನ ವರ್ಗೀಕರಣ ಹೇಳಿದೆ, ಅಂದರೆ ಜಗತ್ತಿನ ಪ್ರತಿ ವಿಷಯಕ್ಕೂ ಒಂದು ಅಂಕಿ ಇರುತ್ತದೆ, ಅದರ ಪ್ರಕಾರ ಪುಸ್ತಕ ಜೋಡಿಸುತ್ತಾರೆ ಎಂದು. ಅಲ್ಲಿಗೆ ನನ್ನ ಕಥೆ ಮುಗಿಯಿತು.

"ರೊಟ್ಟಿಗೂ ನಂಬರ್ ಐತೇನು?"

"ಅಡಗಿಗೆ ಐತ್ರಿ. ಆರುನೂರ ನಲವತ್ತೊಂದು."

ಮರುದಿನ ಓಣಿಗೆಲ್ಲ ಸುದ್ದಿ. ರವಿವಾರ ಬಟ್ಟೆ ಒಗೆಯುತ್ತಿದ್ದರೆ ನೆರೆಯವರು ಬಂದು ಎಮ್ಮೆಯ ನಂಬರು, ಮಳೆಯ ನಂಬರು ಕೇಳುವರು. ಹೊಲಿಗೆ ಆರುನೂರ ನಲವತ್ತಾರು ಎಂದಾಗ ದರ್ಜಿ, "ಅಂದ್ರ ಅಲ್ಲೂ ನಿಮ್ಮ ಬಾಜೂಕ ಅದೇನಿ ನೋಡ್ರಿ ಅವ್ವಾರ" ಎಂದು ಅತ್ತೆಯವರನ್ನು ನಗಿಸಿದ. ನನಗೆ ಮಾತ್ರ ನಗು ಬರಲಿಲ್ಲ. ಮರುದಿನ ಟೆಸ್ಟ್ ಇತ್ತು.

ಇಷ್ಟಕ್ಕೇ ನಿಂತಿದ್ದರೆ ಸಹಿಸಬಹುದಿತ್ತು. ದೀಪಾವಳಿ ಕಳೆದ ಮೇಲೆ ಒಂದು ದಿನ ಧಾರವಾಡದಲ್ಲಿ ಬಸ್ಸಿಳಿದು ತಿರುಗಿ ನೋಡಿದರೆ, ಹಿಂದಿನ ಬಾಗಿಲಿನಿಂದ ಅತ್ತೆಯವರೂ ಇಳಿಯುತ್ತಿದ್ದಾರೆ. ಕೈಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಚೀಲ. ಬೈದೆ, ಬೇಡಿಕೊಂಡೆ, ವಾಪಸು ಹೋಗುವ ಬಸ್ಸು ತೋರಿಸಿದೆ. ಜಗ್ಗಲಿಲ್ಲ. ನೇರ ನಮ್ಮ ವಿಭಾಗದ ಮುಖ್ಯಸ್ಥರ ಕೋಣೆಗೆ ನುಗ್ಗಿ, "ನಾ ಈಕಿ ಫೀ ತುಂಬಿದಾಕಿ ರೀ. ಏನ್ ಕಲಸಾಕತ್ತೀರಿ ನೋಡಾಕ ಬಂದೇನಿ" ಎಂದರು. ನೆಲ ಬಾಯಿ ಬಿಡಬಾರದೇ ಅನಿಸಿತು ನನಗೆ.

ಮುಖ್ಯಸ್ಥರು ಸೌಮ್ಯ ಮನುಷ್ಯರು. "ಕೂಡ್ರಿ ತಾಯಿ" ಎಂದು ಚಹಾ ತರಿಸಿ, ಆಮೇಲೆ ತಾವೇ ಗ್ರಂಥಾಲಯ ತೋರಿಸಲು ಕರೆದೊಯ್ದರು. ಆರುನೂರ ನಲವತ್ತೊಂದರ ಕಪಾಟಿನ ಮುಂದೆ ಅತ್ತೆಯವರು ನಿಂತುಬಿಟ್ಟರು. ಒಂದು ಕನ್ನಡ ಅಡುಗೆ ಪುಸ್ತಕ ಕಿತ್ತು, ಜೋಳದ ರೊಟ್ಟಿ ಹುಡುಕಿ ಓದೆಂದು ನನ್ನ ಕೈಗೆ ಕೊಟ್ಟರು. ತಣ್ಣೀರಿನಲ್ಲಿ ಹಿಟ್ಟು ಕಲಸಬೇಕೆಂದು ಬರೆದಿತ್ತು.

"ತಣ್ಣೀರಾಗ? ಬಡಿಯೂ ಮುಂದ ಹರದು ಚೂರಾಗತೈತಿ! ಎಸರ ಇಡಬೇಕು" ಎಂದು ಅವರು ಮುಖ್ಯಸ್ಥರ ಕಡೆ ತಿರುಗಿದರು. "ತಪ್ಪ ಬರದದ್ದಕ್ಕೂ ನಂಬರ್ ಹಚ್ಚಿ ಇಡತೀರೇನ್ರಿ?"

"ಇಡತೇವ್ರಿ ತಾಯಿ. ಯಾವುದು ತಪ್ಪು ಅಂತ ನಿಮ್ಮಂಥವರು ಬಂದು ಹೇಳಬೇಕಲ್ಲ" ಎಂದರು ಅವರು.

ಅತ್ತೆಯವರಿಗೆ ಆ ಮಾತು ಬಹಳ ಹಿಡಿಸಿತು. ರೊಟ್ಟಿಯ ಚೀಲ ಮುಖ್ಯಸ್ಥರ ಮೇಜಿನ ಮೇಲಿಟ್ಟು ಮಧ್ಯಾಹ್ನದ ಬಸ್ಸಿಗೆ ಹೊರಟರು. ಅಲ್ಲೇ ಓದುತ್ತ ಕುಳಿತಿದ್ದ ನನ್ನ ಗೆಳತಿಯರು ಉಳಿದ ವರ್ಷವೆಲ್ಲ ನನ್ನನ್ನು ಕರೆದದ್ದು "ತಣ್ಣೀರು" ಎಂದೇ.

ಏಪ್ರಿಲ್‌ ಬರುವಷ್ಟರಲ್ಲಿ ನಾನು ಸೋತಿದ್ದೆ. ಪರೀಕ್ಷೆ ಎದುರಿಗಿತ್ತು. ಲಗ್ನದ ಸೀಸನ್ನೆಂದು ದರ್ಜಿಯ ಮೆಷಿನ್ ಹಗಲೆಲ್ಲ ಗರಗರ ಎನ್ನುತ್ತಿತ್ತು. ಓದಲು ಅಡಿಗೆಮನೆಯಲ್ಲಿ ಕುಳಿತರೆ ಒಲೆಯ ಝಳ, ಪಕ್ಕದ ಮಂಚದಿಂದ ಪ್ರಶ್ನೆ. ಒಂದು ಬೆಳಿಗ್ಗೆ, ಪುಟ ತಿರುವುವಷ್ಟರಲ್ಲಿ ಐದನೇ ಸಲ ಅವರು ಮಾತಾಡಿಸಿದಾಗ ನಾನು ನೋಟ್ಸನ್ನೆಲ್ಲ ನೆಲಕ್ಕೆ ಒಗೆದೆ.

"ಸಾಕಾತು! ನಾ ಪರೀಕ್ಷಾಕ್ಕ ಕುಂದ್ರೂದಿಲ್ಲ. ನಿಮ್ಮ ರೊಕ್ಕಾ ಹೆಂಗರೆ ಮಾಡಿ ತಿರುಗಿ ಕೊಡತೇನಿ. ದಿನಾ ಹಿಂಗ ಲೆಕ್ಕಾ ಕೇಳೂದು ಬಿಡ್ರಿ!"

ಅವರು ಮಂಚದಿಂದ ಇಳಿದು, ಮೊಣಕಾಲು ಹಿಡಿದುಕೊಂಡು ಬಗ್ಗಿ, ಒಂದೊಂದೇ ಹಾಳೆ ಆರಿಸಿದರು. ಓದಲು ಬಾರದವರು. ಎಷ್ಟೋ ಹಾಳೆ ತಲೆಕೆಳಗಾಗಿ ಜೋಡಿಸಿದರು.

"ರೊಕ್ಕಾ ಯಾರಿಗಿ ಬೇಕು?" ಎಂದರು. "ಎಂಟ್ ತಿಂಗಳಾತು, ಆ ಕಿಡಕ್ಯಾಗ ಕುಂತಿಲ್ಲ ನಾ. ಓಣ್ಯಾಗ ಯಾರ್ ಸತ್ತರು, ಯಾರ್ ಹಡದರು, ಒಂದೂ ಗೊತ್ತಾಗೂದಿಲ್ಲ ನನಗ. ಸಂಜಿಗೆ ನೀ ಬಂದು ಹೇಳೂದ ಅಷ್ಟ. ನೀ ನಡುವ ಬಿಟ್ಟರ ನಾ ಸುಮ್ಮಸುಮ್ಮನ ಹೊರಗ ಬಿದ್ದಂಗಾತಲ್ಲ ಯವ್ವಾ."

ಅಷ್ಟು ದಿನ ಫೀ ಬಗ್ಗೆ ನೂರು ಸಲ ಹೇಳಿದ್ದರು. ಖೋಲಿಯ ಬಗ್ಗೆ ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ. ನಾನು ಹಾಳೆಗಳನ್ನು ಇಸಿದುಕೊಂಡು ಸರಿಯಾಗಿ ಜೋಡಿಸಿದೆ. ಪರೀಕ್ಷೆಗೆ ಕುಳಿತೆ, ಪಾಸಾದೆ. ಪ್ರಾಚಾರ್ಯರು ಮಾತು ಉಳಿಸಿಕೊಂಡರು. ಕೆಲಸ ಕಾಯಂ ಆಗಲು ಮಾತ್ರ ಇನ್ನೂ ನಾಲ್ಕು ವರ್ಷ ಹಿಡಿಯಿತು.

ಕಾಯಂ ಆದ ತಿಂಗಳೇ, ದರ್ಜಿಯ ಮುಂಗಡ ತಿರುಗಿ ಕೊಟ್ಟು ಖೋಲಿ ಬಿಡಿಸೋಣ ಎಂದೆ. ಅವರು ಸುತಾರಾಂ ಒಪ್ಪಲಿಲ್ಲ. "ಅವಗ ಗಿರಾಕಿ ಕೂಡ್ಯಾವ, ಮಕ್ಕಳು ಸಾಲಿಗಿ ಹೊಂಟಾವ. ಈಗ ಎಬ್ಬಿಸಿದರ ಎಲ್ಲಿ ಹೋಗತಾನು?" ಎಂದರು. ಅದಕ್ಕೂ ಜಗಳವಾಯಿತು. ಎಂದಿನಂತೆ ನಾನೇ ಸೋತೆ.

ಅವರು ತೀರಿಕೊಂಡದ್ದು ಅಡಿಗೆಮನೆಯ ಮಗ್ಗುಲಿನ ಆ ಮಂಚದ ಮೇಲೆಯೇ, ಒಂದು ಮಧ್ಯಾಹ್ನ. ಆ ಬೆಳಿಗ್ಗೆಯೂ ನಾನು ಸಿಡುಕಿದ್ದೆ. ಮನೆಗೆ ಬಂದ ಬೀಗರ ಮುಂದೆ ನನ್ನ ಪಗಾರ ಎಷ್ಟೆಂದು ಸಾರಿ ಹೇಳಿದ್ದರು, ಅದೂ ಎರಡು ಸಾವಿರ ಹೆಚ್ಚಿಸಿ. ಕಾಲೇಜಿಗೆ ಹೊರಟಾಗ ಮಂಚದ ಮೇಲಿಂದಲೇ "ಇವತ್ತ ಎಷ್ಟಕ್ಕ ಬರತಿ?" ಎಂದು ಕೇಳಿದರು. ನಾನು ಉತ್ತರ ಕೊಡದೆ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟೆ. "ಐದಕ್ಕ ಬರತೇನ್ರಿ ಅತ್ತಿ" ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?