ಬಾಯಿಬಿಟ್ಟು ಹೇಳುವ ಮನೆ

ನಾನು ಹಾಸ್ಟೆಲಿನಲ್ಲಿ ಓದಿದವಳು, ಆಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತಳಾದವಳು. ಹಾಸಿಗೆಯ ಮೂಲೆ ಮಡಚುವುದಕ್ಕೆ ಒಂದು ರೀತಿ, ತೊಳೆದ ತಟ್ಟೆ ಬೋರಲು ಹಾಕುವುದಕ್ಕೆ ಒಂದು ಜಾಗ, ಬೆಳಿಗ್ಗೆ ಎದ್ದ ಮೇಲೆ ಸ್ವಲ್ಪ ಹೊತ್ತು ಯಾರೊಂದಿಗೂ ಮಾತಿಲ್ಲ. ಇವು ಯಾರೋ ನನ್ನ ಮೇಲೆ ಹೇರಿದ ನಿಯಮಗಳೆಂದು ನನಗೆ ಎಂದೂ ಅನ್ನಿಸಿಲ್ಲ. ಇವುಗಳಿಂದಲೇ ನಾನು ಆರಾಮವಾಗಿ ಬದುಕಿದೆ.

ಆದ್ದರಿಂದ ಮೊಮ್ಮಗಳನ್ನು ಚಿಂಚೋಳಿಯ ವಸತಿ ಶಾಲೆಗೆ ಹಾಕುವ ಮಾತು ಬಂದಾಗ, ನಾನು ಹೌದೆನ್ನುತ್ತೇನೆ ಎಂದು ಮನೆಯಲ್ಲಿ ಎಲ್ಲರೂ ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ.

ಮನೆ ಎಂದರೆ ವಾಡಿಯ ರೈಲ್ವೆ ಕ್ವಾರ್ಟರ್ಸ್. ನನ್ನ ಮಗ ಗೂಡ್ಸ್ ಗಾಡಿಯ ಡ್ರೈವರ್. ಅವನ ಡ್ಯೂಟಿಗೆ ಹೊತ್ತುಗೊತ್ತು ಇಲ್ಲ, ಹೋದರೆ ಮರುದಿನವೋ ಅದರಾಚೆಯೋ ಬರುತ್ತಾನೆ. ಉಳಿದವರು ಮೂವರು: ನಾನು, ಸೊಸೆ, ಐದನೇ ಕ್ಲಾಸಿನ ಮೊಮ್ಮಗಳು. ಮೂವರು ಹೆಂಗಸರ ಮನೆ ಗಡಿಯಾರದಂತೆ ನಡೆಯಬೇಕಿತ್ತು. ಹಾಗೆ ನಡೆಯುತ್ತಿರಲಿಲ್ಲ.

ಸೊಸೆ ಒಗೆದ ಬಟ್ಟೆ ಹಾಕಲು ಹಿತ್ತಲಿಗೆ ಹೋಗುವಳು. ತಂತಿಯ ಮೇಲೆ ಸಿಮೆಂಟಿನ ಧೂಳು ಕಾಣುವುದು. ಸಿಮೆಂಟ್ ಕಾರ್ಖಾನೆ ಇರುವ ನಮ್ಮೂರಲ್ಲಿ ಅದು ಯಾವಾಗಲೂ ಕಾಣುವಂಥದ್ದೇ. ತಂತಿ ಒರೆಸುವಳು, ಆಮೇಲೆ ಕಿಟಕಿಯ ಸರಳು ಒರೆಸುವಳು, ಆಮೇಲೆ ಸ್ಟೂಲು ತಂದು ಫ್ಯಾನ್. ಒಳಗೆ ಹಾಲು ಉಕ್ಕಿ ಹರಿದಿರುತ್ತಿತ್ತು, ಬಕೆಟ್ಟಿನಲ್ಲಿ ಬಟ್ಟೆ ಹಾಗೇ ಇರುತ್ತಿತ್ತು. ಮೊಮ್ಮಗಳು ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದು, ಗೋಡೆಯ ಮೇಲಿನ ಇರುವೆ ಸಾಲಿನ ಕಡೆಯ ಇರುವೆ ಯಾವುದು ಎಂದು ಹುಡುಕುತ್ತ ನಿಂತಿರುತ್ತಿದ್ದಳು. ಶಾಲೆಯ ಬಸ್ಸು ಹಾರ್ನ್ ಹಾಕಿ ಹೋಗಿರುತ್ತಿತ್ತು.

ಕಲಬುರಗಿಯ ಡಾಕ್ಟರರು ಮಗುವನ್ನು ಎರಡು ಮೂರು ಸಲ ಕರೆಸಿ ನೋಡಿ, ಇದು ಎಡಿಎಚ್‌ಡಿ ಎಂದರು. ಹುಡುಗಿಗೆ ಗಮನವೇ ಇಲ್ಲ ಎಂದಲ್ಲ, ಇಟ್ಟಲ್ಲಿ ಅದು ನಿಲ್ಲುವುದಿಲ್ಲ, ಹುಟ್ಟಿನಿಂದ ಬಂದದ್ದು, ಬೈದರೆ ಹೋಗುವಂಥದ್ದಲ್ಲ ಎಂದು ವಿವರಿಸಿದರು. ಮಾತ್ರೆ ಕೊಟ್ಟರು. ಅದರಿಂದ ಒಂದು ಮಟ್ಟಿಗೆ ಉಪಯೋಗವಾಯಿತು. ಉಳಿದದ್ದು ಮನೆಯಲ್ಲಿ ಆಗಬೇಕು ಎಂದರು. ಆಮೇಲೆ ತಾಯಿಯ ಕಡೆ ತಿರುಗಿ, ನಿಮ್ಮ ಬಾಲ್ಯ ಹೇಗಿತ್ತು ಎಂದು ಕೇಳಲು ಶುರು ಮಾಡಿದರು. ಸೊಸೆ ಹೇಳುತ್ತ ಹೋದಳು, ಡಾಕ್ಟರರು ಕೇಳುತ್ತ ಹೋದರು. ಮುಂದಿನ ಭೇಟಿಯಲ್ಲಿ ಅವಳಿಗೂ ಅದೇ ಇದೆ ಎಂದು ಗೊತ್ತಾಯಿತು.

ಬರುವಾಗ ರೈಲು ಶಹಾಬಾದ ದಾಟಿತು. ಅದು ಸೊಸೆಯ ತವರೂರು. ಆಮೇಲೆ ಕೇಳಿದಳು:

"ಅತ್ತಿ, ಅಂದ್ರ ನಾ ಆಲಸಿ ಅಲ್ಲ?"

"ಆಲಸಿ ಅಂತ ಯಾರಂದ್ರು?"

"ಯಾರಂದಿಲ್ಲ ಅಂತ ಕೇಳ್ರಿ."

ಶಹಾಬಾದಿನಲ್ಲಿ ಅವಳ ತಂದೆಯದು ನೆಲಕ್ಕೆ ಹಾಸುವ ಪರಸಿ ಕಲ್ಲು ಪಾಲಿಶ್ ಮಾಡುವ ಸಣ್ಣ ಕಾರ್ಖಾನೆ. ಮಷೀನಿನ ಕಿವಿ ಒಡೆಯುವ ಸಪ್ಪಳದ ಪಕ್ಕದಲ್ಲೇ ಕೂತು ಜೋರಾಗಿ ಓದಿ ಓದಿ ಹತ್ತನೇ ಕ್ಲಾಸ್ ಪಾಸಾದೆ, ಕಾಲೇಜಿನ ಲೈಬ್ರರಿಯಲ್ಲಿ ಕೂತು ಪಿಯುಸಿ ಫೇಲಾದೆ ಎಂದು ಅವಳು ಆ ದಿನ ಹೇಳಿದಳು. ನನಗೆ ಅದು ಉಲ್ಟಾ ಲೆಕ್ಕವಾಗಿ ಕಂಡಿತು.

ಮನೆಯಲ್ಲಿ ಏನು ಮಾಡಬೇಕು ಎನ್ನುವುದು ಬೇರೆ ಕಡೆಯಿಂದ ಬಂತು. ಮಗ ಒಂದು ರಜೆಯ ದಿನ ಊಟಕ್ಕೆ ಕೂತಾಗ ಹುಡುಗಿ ಕೇಳಿದಳು, "ಪಪ್ಪಾ, ಇಂಜಿನ್ನಿನ್ಯಾಗ ನೀ, ನಿನ್ನ ಅಸಿಸ್ಟೆಂಟ್ ಇಬ್ಬರೇ ಏನ್ ಮಾತಾಡ್ತೀರಿ?"

"ಸಿಗ್ನಲ್ ಮಾತಾಡ್ತೀವಿ. ಸಿಗ್ನಲ್ ಕಂಡ ಕೂಡ್ಲೇ ಒಬ್ಬ ಕೈ ಮಾಡಿ ಹಸರು ಅಂತಾನ. ಇನ್ನೊಬ್ಬ ನೋಡಿ ತಿರುಗಿ ಹಸರು ಅಂತಾನ."

"ಇಬ್ಬರಿಗೂ ಕಣ್ಣಿಲ್ಲೇನು?"

"ಕಣ್ಣು ಅವ. ಕಣ್ಣು ನೋಡ್ತಿರ್ತದ, ಮನಸು ಎಲ್ಲೋ ಹೋಗಿರ್ತದ. ಬಾಯಿಲೆ ಅಂದ್ರ ಮನಸು ಅಲ್ಲಿಗೇ ಬರ್ಬೇಕಾಗ್ತದ. ಅದು ನಮ್ಮ ಕಾನೂನು."

ಅವನು ಉಂಡು ಮಲಗಿದ. ಸೊಸೆ ಮಾತ್ರ ಆ ಮಾತನ್ನು ಹಿಡಿದುಕೊಂಡಳು. ಮರುದಿನ ಬೆಳಿಗ್ಗೆ ನಾನು ಮೌನವಾಗಿ ಚಹಾ ಕುಡಿಯುತ್ತಿದ್ದಾಗ ಅಡುಗೆಮನೆಯಿಂದ ಕೂಗು ಬಂತು.

"ಗ್ಯಾಸ್?"

"ಬಂದ್!"

"ನಳ?"

"ಬಂದ್!"

"ಡಬ್ಬಿ?"

"ಚೀಲದಾಗ!"

"ಸಾಕ್ಸ್?"

"ಒಂದು!"

"ಇನ್ನೊಂದು ಹುಡುಕು, ನಿಲ್ಲಬ್ಯಾಡ!"

ತಾಯಿ ಕೈ ಚಾಚಿ ತೋರಿಸುವಳು, ಮಗಳು ಅದೇ ಕಡೆ ಕೈ ಚಾಚಿ ಉತ್ತರಿಸುವಳು. ಕೆಲವು ಸಲ ಮಗಳೇ ಕೂಗುವಳು, ತಾಯಿ ಉತ್ತರಿಸುವಳು, ಏಕೆಂದರೆ ಮರೆಯುವವರು ಇಬ್ಬರೂ. ದಿನ ಕಳೆದಂತೆ ಲೆಕ್ಕ ಮಾಡುವಾಗಲೂ ಹುಡುಗಿ ಬಾಯಿಬಿಟ್ಟು ಮಾಡಲು ಶುರು ಮಾಡಿದಳು: "ದಶಕ ತಗೊಂಡೆ, ಮ್ಯಾಲೆ ಇಟ್ಟೆ." ರೊಟ್ಟಿ ಬಡಿಯುವಾಗ ಸೊಸೆಯದೂ ಅದೇ: "ಹಂಚಿನ ಮ್ಯಾಲಿಂದು ತಿರುವಿದೆ." ಪಕ್ಕದ ಕ್ವಾರ್ಟರ್ಸಿನಾಕೆ ನನ್ನನ್ನು ಕೇಳಿದಳು, "ನಿಮ್ಮ ಮನ್ಯಾಗ ದಿನಾ ಮುಂಜಾನಿ ಹರಾಜು ನಡೀತದೇನ್ರಿ?"

ಹಾಲು ಉಕ್ಕುವುದು ಕಡಿಮೆಯಾಯಿತು. ಬಸ್ಸು ತಪ್ಪುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ನನ್ನ ಬೆಳಗಿನ ಶಾಂತಿ ಮಾತ್ರ ಪೂರ್ತಿ ಹೋಯಿತು. ಇದು ಶಿಸ್ತಲ್ಲ, ಗದ್ದಲ ಎಂದೇ ನನ್ನ ಅಭಿಪ್ರಾಯವಾಗಿತ್ತು.

ಅಷ್ಟರಲ್ಲಿ ಮಗನ ಗೆಳೆಯನೊಬ್ಬ ಚಿಂಚೋಳಿಯ ವಸತಿ ಶಾಲೆಯಲ್ಲಿ ಆರನೇ ಕ್ಲಾಸಿಗೆ ಒಂದು ಸೀಟು ಹೇಳಿಟ್ಟ. ಮಗ ನನಗೇ ಹೇಳಿದ, "ಯವ್ವ, ನಿನ್ನನ್ನ ಮನುಷ್ಯಳನ್ನ ಮಾಡಿದ್ದು ಹಾಸ್ಟೆಲ್ಲೇ. ಅಕಿನೂ ಸುಧಾರಿಸ್ತಾಳ. ನೀ ಹೋಗಿ ನೋಡಿ ಬಾ. ನೀ ಹೂಂ ಅಂದ್ರ ಹಾಕೋಣ." ಸೊಸೆ ಬಾಗಿಲಲ್ಲಿ ನಿಂತಿದ್ದಳು. ತನ್ನ ಮಗಳನ್ನು ತಾನು ಬೆಳೆಸಲಾರೆ ಎಂದು ಇನ್ನೊಬ್ಬರು ತೀರ್ಮಾನಿಸುವಾಗ ನಡುವೆ ಬಾಯಿ ಹಾಕುವ ಧೈರ್ಯ ಅವಳಿಗಿರಲಿಲ್ಲ. ರಾತ್ರಿ ಪಾತ್ರೆ ಒರೆಸುತ್ತ ಇಷ್ಟೇ ಕೇಳಿದಳು, "ನಾನೂ ಬರ್ತೀನ್ರಿ ಅತ್ತಿ, ನೋಡ್ಲಿಕ್ಕೆ."

ಮೂವರೂ ಹೊರಟೆವು. ಸೇಡಮ್‌ವರೆಗೆ ಪ್ಯಾಸೆಂಜರ್ ಗಾಡಿ, ಅಲ್ಲಿಂದ ಬಸ್ಸು. ಹುಡುಗಿ ಕಿಟಕಿಗೆ ಕೂತು ಪ್ರತಿ ಸಿಗ್ನಲ್ಲಿಗೂ ಕೈ ಚಾಚಿ ಕೂಗಿದಳು. ಚಿತ್ತಾಪುರದಲ್ಲಿ ಹತ್ತಿದ ಮುದುಕನೊಬ್ಬ ಬುತ್ತಿ ಬಿಚ್ಚುತ್ತ ಕೇಳಿದ, "ಡ್ರೈವರಮ್ಮ, ನಾ ಉಣ್ಣೋತನ ಗಾಡಿ ನಿಲ್ಲಸ್ತೀಯೇನವ?"

"ನಿಲ್ಲಸಂಗಿಲ್ಲ. ಹಸರು ಅದ."

"ಕೆಂಪು ಮಾಡು ಮತ್ತ!"

"ಅದು ನಮ್ಮ ಕೈಯಾಗ ಇಲ್ರಿ," ಎಂದು ಅವಳು ಗಂಭೀರವಾಗಿ ಹೇಳಿದಳು. ಬೋಗಿಯ ಜನ ನಕ್ಕರು.

ಸೇಡಮ್‌ನಲ್ಲಿ ಇಳಿಯುವ ಮೊದಲು ತಾಯಿ ಮಗಳದು ನಡೆಯಿತು: ಚೀಲ, ನೀರಿನ ಬಾಟಲಿ, ಚಪ್ಪಲಿ, ಟಿಕೆಟ್. ಗಾಡಿ ಹೋದ ಮೇಲೆ ನೋಡಿದರೆ ನನ್ನ ಕೊಡೆ ಇಲ್ಲ. ಕಿಟಕಿಯ ಕೊಕ್ಕೆಗೆ ಹಾಕಿದ್ದೆ, ಗಾಡಿಯ ಜೊತೆ ತಾಂಡೂರಿನ ಕಡೆ ಹೋಯಿತು.

"ಆಯಿ, ನಿಂದು ನಾವು ಕೂಗಿಲ್ಲ," ಎಂದಳು ಮೊಮ್ಮಗಳು. "ನೀ ಮರಿಯಂಗಿಲ್ಲ ಅಂತಿದ್ದಿ."

ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ಬಸ್ಸಿನ ಬೋರ್ಡು ಓದುವವಳಂತೆ ನಿಂತಳು. ಬಸ್ಸು ಸುಲೇಪೇಟ ಮುಟ್ಟುವವರೆಗೂ ನಗು ತಡೆಯಲಾಗದೆ ಅವಳ ಭುಜ ಕುಣಿಯುತ್ತಿತ್ತು.

ಶಾಲೆ ಚಿಂಚೋಳಿಗೆ ಹೊಂದಿಕೊಂಡ ಚಂದಾಪುರದ ಅಂಗಡಿಗಳನ್ನು ದಾಟಿ ಸ್ವಲ್ಪ ಹೊರಗಿತ್ತು. ಒಳಗೆ ಕಾಲಿಟ್ಟ ಕೂಡಲೇ ನನಗೆ ತವರಿಗೆ ಬಂದಂತಾಯಿತು. ಸಾಲಾಗಿ ಟ್ರಂಕುಗಳು, ಒಂದೇ ಅಳತೆಗೆ ಮಡಚಿದ ಹೊದಿಕೆಗಳು, ಗೋಡೆಗುಂಟ ಬೋರಲು ಹಾಕಿದ ತಟ್ಟೆಗಳು. ವಾರ್ಡನ್ ನಡುವಯಸ್ಸಿನ ಹೆಂಗಸು, ಒಳ್ಳೆಯವಳು. ಮಕ್ಕಳ ತಲೆ ಮುಟ್ಟಿ ಮಾತಾಡಿಸುತ್ತಿದ್ದಳು. ನಾನು ನರ್ಸ್ ಆಗಿದ್ದವಳೆಂದು ಪರಿಚಯ ಹೇಳಿಕೊಂಡು, ಹುಡುಗಿಯ ವಿಷಯ ಮುಚ್ಚಿಡದೆ ಹೇಳಿದೆ. "ಬರಲಿ ಬಿಡ್ರಿ, ಇಂಥಾವ್ರು ಇಲ್ಲಿ ಇನ್ನೂ ಇದ್ದಾರ. ಈಗ ಓದೋ ಹೊತ್ತು. ಅಕಿನ್ನೂ ಕುಂದ್ರಸ್ರಿ, ನೋಡೋಣ," ಎಂದಳು.

ದೊಡ್ಡ ಹಾಲಿನಲ್ಲಿ ಪರಸಿಯ ಮೇಲೆ ಹುಡುಗಿಯರು ಸಾಲಾಗಿ ಕೂತಿದ್ದರು. ಪೆನ್ಸಿಲಿನ ಸಪ್ಪಳ ಬಿಟ್ಟರೆ ಬೇರೇನೂ ಇಲ್ಲ. ಮೊಮ್ಮಗಳಿಗೂ ಹಾಳೆ ಕೊಟ್ಟು, ಹಲಗೆಯ ಮೇಲಿನ ಲೆಕ್ಕ ಮಾಡಲು ಹೇಳಿದರು. ಅವಳು "ದಶಕ ತಗೊಂಡೆ" ಎಂದು ಶುರು ಮಾಡಿದಳು. ಅಕ್ಕಪಕ್ಕದವರು ಕಿಸಕ್ಕನೆ ನಕ್ಕರು. ಮಾನಿಟರ್ ಹುಡುಗಿ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಮೊಮ್ಮಗಳು ಬಾಯಿ ಮುಚ್ಚಿದಳು.

ಆಮೇಲೆ ಅವಳು ಕೂತ ರೀತಿ ನೋಡಿ ನನಗೇ ಆಶ್ಚರ್ಯವಾಯಿತು. ಅಲುಗಾಟವಿಲ್ಲ, ಕಾಲು ಕುಣಿಸುವುದಿಲ್ಲ, ಕಣ್ಣು ಹಾಳೆಯ ಮೇಲೆ.

"ನೋಡ್ರಿ, ಎಷ್ಟು ಛಂದ ಕುಂತಾಳ," ಎಂದಳು ವಾರ್ಡನ್.

ನನ್ನ ಬಾಯಲ್ಲಿ ಹೂಂ ಬಂದಿತ್ತು. ಪಕ್ಕದಲ್ಲಿ ನಿಂತಿದ್ದ ಸೊಸೆ ನನ್ನ ತೋಳು ಹಿಡಿದಳು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವಳು ನನ್ನನ್ನು ಹಾಗೆ ಹಿಡಿದದ್ದಿಲ್ಲ.

"ಅತ್ತಿ, ಅಕಿ ಅಲ್ಲಿ ಇಲ್ರಿ."

"ಎದುರಿಗೇ ಕುಂತಾಳಲ್ಲ?"

"ಕುಂತಾಳ. ಇಲ್ಲ. ನಾ ಕಾಲೇಜಿನ್ಯಾಗ ಹಿಂಗೇ ಕುಂತಿರ್ತಿದ್ದೆ. ಭಾಳ ಶಾಣ್ಯಾಕಿ, ಸುಮ್ಮ ಇರ್ತಾಳ ಅಂತ ಎಲ್ಲಾರೂ ಹೊಗಳ್ತಿದ್ರು. ಹೋಗಿ ಹಾಳಿ ನೋಡ್ರಿ."

ನಾನು ಸದ್ದಾಗದಂತೆ ಹಿಂದಿನಿಂದ ಹೋದೆ. ವಾರ್ಡಿನಲ್ಲಿ ಹಾಗೆ ನಡೆದು ಅಭ್ಯಾಸ. ಹಾಳೆಯ ಮೇಲೆ ಮೊದಲ ಲೆಕ್ಕದ ಅಂಕಿಗಳನ್ನು ಬರೆದಿದ್ದಳು, ಕೆಳಗೆ ಗೆರೆ ಎಳೆದಿದ್ದಳು, ಅದೇ ಗೆರೆಯ ಮೇಲೆ ಮತ್ತೆ ಮತ್ತೆ ಪೆನ್ಸಿಲ್ ಆಡಿಸುತ್ತಿದ್ದಳು. ಹಾಳೆ ಅಲ್ಲಿ ತೆಳ್ಳಗಾಗಿತ್ತು. ಉಳಿದ ಹುಡುಗಿಯರು ಹಾಳೆ ತಿರುವಿ ಹಿಂಬದಿಗೆ ಬಂದಿದ್ದರು. ಮನೆಯಲ್ಲಿ ಇಂಥ ಲೆಕ್ಕಗಳನ್ನು ಅವಳು ಕೂಗುತ್ತ ನಾನು ಬೇಳೆ ಆರಿಸುವಷ್ಟರಲ್ಲಿ ಮುಗಿಸುತ್ತಾಳೆ. ತಲೆ ಮುಟ್ಟಿದೆ. ನಿದ್ದೆಯಿಂದ ಎದ್ದವಳಂತೆ ನೋಡಿದಳು.

ಆಸ್ಪತ್ರೆಯಲ್ಲಿ ಗೋಳಾಡುವ ರೋಗಿಯ ಬಗ್ಗೆ ನಮಗೆ ಅಷ್ಟು ಭಯವಿರುತ್ತಿರಲಿಲ್ಲ. ಇದ್ದಕ್ಕಿದ್ದಂತೆ ಸುಮ್ಮನಾದವರ ನಾಡಿ ಹಿಡಿದು ನೋಡುತ್ತಿದ್ದೆವು.

ವಾರ್ಡನ್‌ಳನ್ನು ಕೇಳಿದೆ, "ಇಕಿ ಜೋರಾಗಿ ಹೇಳ್ಕೊಂತ ಓದಿದ್ರ ನಡೀತದೇನ್ರಿ?"

ಅವಳು ಸುಳ್ಳು ಹೇಳಲಿಲ್ಲ. "ಹೆಂಗ್ರಿ ಸಿಸ್ಟರ್? ಇಷ್ಟು ಮಕ್ಕಳು. ಒಬ್ಬಾಕಿಗೆ ಬಿಟ್ರ ಎಲ್ಲಾರಿಗೂ ಬಿಡಬೇಕಾಗ್ತದ. ಊಟಕ್ಕೂ ಓದಿಗೂ ಇಲ್ಲಿ ಸುಮ್ಮನೇ ಇರಬೇಕು."

ಅವಳ ಮಾತು ಸರಿಯಾಗಿಯೇ ಇತ್ತು. ನಾನು ವಾರ್ಡನ್ ಆಗಿದ್ದರೂ ಅದನ್ನೇ ಹೇಳುತ್ತಿದ್ದೆ. ಎರಡು ದಿನದಲ್ಲಿ ಫೋನ್ ಮಾಡಿ ತಿಳಿಸುತ್ತೇನೆ ಎಂದು ನಮಸ್ಕಾರ ಮಾಡಿ ಹೊರಬಂದೆ. ಬಸ್ ಸ್ಟ್ಯಾಂಡಿನಲ್ಲಿ ಸೊಸೆ ಮಗಳಿಗೆ ಬಾಳೆಹಣ್ಣು ಸುಲಿದು ಕೊಟ್ಟು, ಸಿಪ್ಪೆ ಕೈಯಲ್ಲೇ ಹಿಡಿದುಕೊಂಡು ಬಸ್ಸು ಹತ್ತಿದಳು.

ಮಗ ಡ್ಯೂಟಿಯಿಂದ ಬಂದು ಸ್ನಾನ ಮಾಡಿ ಕೂತಾಗ ಹೇಳಿದೆ, "ಬ್ಯಾಡ."

"ಯಾಕ? ಶಾಲಿ ಛಲೋ ಇಲ್ಲೇನು?"

"ಭಾಳ ಛಲೋ ಅದ. ನನ್ನಂಥಾಕಿಗೆ."

"ಮತ್ತೇನಾತು? ಯವ್ವ, ಈ ಮನ್ಯಾಗ ಇಬ್ಬರೂ ಮರೆಗುಳಿ. ಒಬ್ಬಾಕಿ ಇನ್ನೊಬ್ಬಾಕಿನ್ನ ಹೆಂಗ ನೋಡ್ಕೋತಾಳ?"

"ನಿನ್ನ ಇಂಜಿನ್ನಿನ್ಯಾಗ ಇಬ್ಬರದೂ ಮನಸು ಎಲ್ಲೋ ಹೋಗ್ತದಂತ ನೀನೇ ಅಂದಿ. ನಾಳೆ ನಿಮಗ ಇಬ್ಬರಿಗೂ ಬಾಯಿ ಮುಚ್ಚಿ ಗಾಡಿ ಹೊಡೀರಿ ಅಂದ್ರ ಹೊಡೀತೀರೇನು?"

"ಅದು ರೈಲ್ವೆ, ಯವ್ವ. ಇದು ಮನಿ."

"ಅಲ್ಲಿ ನಿನಗ ಕಾನೂನು. ಇಲ್ಲಿ ನಿನ್ನ ಹೆಂಡ್ತಿ ಮಾಡಿದ್ರ ಗದ್ದಲ?"

ಅವನು ಒಪ್ಪಲಿಲ್ಲ. ಇನ್ನೊಂದು ದಿನ ವಿಚಾರ ಮಾಡು, ಫೋನ್ ಆಮೇಲೆ ಮಾಡು ಎಂದ. ಮಗಳ ಭವಿಷ್ಯದ ಚಿಂತೆ ಅವನದು. ಅದನ್ನು ತಪ್ಪೆನ್ನಲು ನನಗೆ ಆಗಲಿಲ್ಲ.

ಮರುದಿನ ಬೆಳಿಗ್ಗೆ ಅವನು ಮನೆಯಲ್ಲೇ ಇದ್ದ. ಅವನು ನೋಡುತ್ತಿದ್ದಾನೆಂದು ತಾಯಿ ಮಗಳಿಬ್ಬರೂ ಜೋರಾಗಿಯೇ ಕೂಗಿದರು. ಗ್ಯಾಸ್, ನಳ, ಡಬ್ಬಿ, ಸಾಕ್ಸ್ ಎರಡೂ ಸರಿ. ಎಲ್ಲ ಮುಗಿಸಿ ಬಾಗಿಲಿಗೆ ಬಂದರು. ಅಲ್ಲಿ ಪಕ್ಕದ ಮನೆಯ ಆಡು ಮರಿ ಹಾಕಿತ್ತು. ಮರಿಯ ಕಾಲು ನಡುಗುವುದನ್ನು ನೋಡುತ್ತ ಮಗಳು ಕೂತಳು. ಅವಳನ್ನು ಎಬ್ಬಿಸಲು ಹೋದ ತಾಯಿಯೂ ಪಕ್ಕದಲ್ಲೇ ಕೂತಳು. ಬಸ್ಸು ಬಂತು, ಹಾರ್ನ್ ಹಾಕಿತು, ಹೋಯಿತು.

ಮಗ ಚಹಾದ ಕಪ್ಪು ಹಿಡಿದು ನನ್ನ ಕಡೆ ನೋಡಿದ. "ಯವ್ವ, ನೀ ಇನ್ನೂ ಫೋನ್ ಮಾಡಿಲ್ಲಲ್ಲ?"

ಸೊಸೆ ಎದ್ದು ನಿಂತಳು. ಮಗಳ ಚೀಲವನ್ನು ತಾನೇ ಎದೆಗೆ ಒತ್ತಿ ಹಿಡಿದಿದ್ದಳು.

ನಾನು ಒಳಗೆ ಹೋಗಿ ಫೋನ್ ತಂದು, ಅವರಿಬ್ಬರ ಎದುರಿಗೇ ಚಿಂಚೋಳಿಗೆ ಹಚ್ಚಿದೆ. ವಾರ್ಡನ್ ಎತ್ತಿದಳು. ನಮ್ಮ ಹುಡುಗಿ ಬರುವುದಿಲ್ಲ, ಆ ಸೀಟು ಬೇರೆ ಯಾರಿಗಾದರೂ ಕೊಡಿ ಎಂದು ಹೇಳಿದೆ. ಖಾತ್ರಿಯೇನ್ರಿ ಎಂದು ಅವಳು ಕೇಳಿದಳು. ಖಾತ್ರಿ ಎಂದೆ. ಫೋನ್ ಇಟ್ಟು ಮಗನಿಗೆ, "ಸ್ಕೂಟರ್ ತೆಗಿ, ಪ್ರಾರ್ಥನಾ ಮುಗಿಯೋದ್ರಾಗ ಅಕಿನ್ನ ಶಾಲಿಗೆ ಮುಟ್ಟಸು," ಎಂದೆ. ಅವನು ಗೊಣಗುತ್ತಲೇ ಕಪ್ಪು ಕೆಳಗಿಟ್ಟು ಎದ್ದ.