ರೇಸ್ ಕೊಟ್ಟವರು ಯಾರು?

ಇಂಥದ್ದೊಂದನ್ನು ನಾನು ಬರೆಯುತ್ತೇನೆಂದು ಮೊದಲು ಯಾರಾದರೂ ಹೇಳಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ದೆವ್ವ ಕಂಡೆ, ನೆರಳು ಕಂಡೆ ಎನ್ನುವವರನ್ನು ಕಾಡಿಸುವುದೇ ನನಗೊಂದು ಆಟವಾಗಿತ್ತು. ಎಂಜಿನ್ ಕೆಟ್ಟರೆ ಕಾರಣ ಪೆಟ್ರೋಲಿನಲ್ಲಿರಬೇಕು, ಗಾಳಿಯಲ್ಲಿರಬೇಕು, ಇಲ್ಲವೇ ಕಿಡಿಯಲ್ಲಿರಬೇಕು. ಲೋಕದ ಉಳಿದ ವಿಷಯಗಳೂ ಅಷ್ಟೇ ಎಂದು ನಂಬಿದ್ದವನು ನಾನು. ಈಗ ಆ ಮಾತನ್ನು ಅಷ್ಟು ಜೋರಾಗಿ ಹೇಳುವುದಿಲ್ಲ.

ದಿಗ್ಗೇವಾಡಿಯ ನಮ್ಮ ತೋಟದ ಶೆಡ್ಡಿನಲ್ಲಿ ಒಂದು ಹಳೆಯ ಪೆಟ್ರೋಲ್ ಜೀಪಿದೆ. ಮೇಲ್ಛಾವಣಿಯ ಟಪ್ಪು ಕಿತ್ತು, ದಪ್ಪ ಟೈರು ಹಾಕಿ, ಹೊಳೆಯ ಉಸುಕಿನಲ್ಲೂ ಕಬ್ಬಿನ ಹೊಲದ ಕೆಸರಿನಲ್ಲೂ ಓಡುವಂತೆ ನಾನೂ ನನ್ನ ಅಣ್ಣನೂ ಸೇರಿ ಸಜ್ಜು ಮಾಡಿದ ಗಾಡಿ. ಅಣ್ಣ ಎದೆನೋವಿನಿಂದ ತೀರಿಕೊಂಡ ಮೇಲೆ ಅದು ಒಂದು ವರ್ಷ ನಿಂತೇ ಇತ್ತು. ಚಾಲೂ ಮಾಡಿದರೆ ಮಿಸ್ ಹೊಡೆಯುತ್ತ, ಮೈಯೆಲ್ಲ ನಡುಗಿಸಿಕೊಂಡು ಬಂದ್ ಬೀಳುತ್ತಿತ್ತು.

"ಅದರ ಜೋಡಿ ಎಷ್ಟ್ ದಿನಾ ಕುಸ್ತಿ ಹಿಡೀತೀರಿ? ಗುಜರಿಯಾಂವಗ ಕೊಟ್ ಬಿಡ್ರಿ," ಎಂದಳು ಹೆಂಡತಿ. ಅವಳ ಮಾತೂ ತಪ್ಪಲ್ಲ. ಗುಜರಿಯವನಿಗೆ ಬರಹೇಳಿದ್ದೂ ಆಯಿತು. ಅವನು ಬರುವಷ್ಟರಲ್ಲಿ ಸರಿಯಾದರೆ ಗಾಡಿ ಉಳಿಯಿತು, ಇಲ್ಲದಿದ್ದರೆ ಹೋಯಿತು. ಅಣ್ಣನ ಜೊತೆ ಸೇರಿ ಮಾಡಿದ್ದು ಎನ್ನಲು ನನಗೆ ಉಳಿದದ್ದು ಅದೊಂದೇ.

ಅವನು ಬರುವ ಹಿಂದಿನ ದಿನ ಅಮಾವಾಸ್ಯೆ. ನಗಬೇಡಿ, ನಾನು ಹೇಳುತ್ತಿರುವುದು ರಣಗುಡುವ ಮಧ್ಯಾಹ್ನದ ಮಾತು. ಮನೆಯವರೆಲ್ಲ ವೀರಭದ್ರನ ದರ್ಶನಕ್ಕೆಂದು ಯಡೂರಿಗೆ ಹೋಗಿದ್ದರು. ತೋಟದಲ್ಲಿ ನಾನೊಬ್ಬನೇ.

ಪ್ಲಗ್ ಬಿಚ್ಚಿ ಉಜ್ಜಿದೆ, ಕಾರ್ಬೊರೇಟರ್ ತೊಳೆದೆ, ಪಾಯಿಂಟ್ ಬದಲಿಸಿದೆ. ಉಳಿದದ್ದು ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತನ್ನು ಹೊಂದಿಸುವುದು. ಅದು ನಮ್ಮಲ್ಲಿ ಇಬ್ಬರ ಕೆಲಸ. ಒಬ್ಬ ಸೀಟಿನಲ್ಲಿ ಕೂತು ಆಕ್ಸಿಲರೇಟರ್ ಒತ್ತಿ ರೇಸ್ ಕೊಡಬೇಕು. ಇನ್ನೊಬ್ಬ ಬಾನೆಟ್ಟಿನೊಳಗೆ ತಲೆ ಹಾಕಿ, ಸದ್ದು ಕೇಳುತ್ತ ಡಿಸ್ಟ್ರಿಬ್ಯೂಟರನ್ನು ಚೂರುಚೂರೇ ತಿರುಗಿಸಿ, ಸದ್ದು ಹದಕ್ಕೆ ಬಂದೊಡನೆ ಪಾನಾ ಹಾಕಿ ನಟ್ ಬಿಗಿಯಬೇಕು. ರೇಸ್ ಕೊಡುವವನು ಯಾವಾಗಲೂ ಅಣ್ಣ. ಕೊಟ್ಟರೆ ಅಗತ್ಯಕ್ಕಿಂತ ಎರಡು ಪಟ್ಟು ಕೊಡುತ್ತಿದ್ದ, ನನ್ನಿಂದ ಬೈಸಿಕೊಳ್ಳುತ್ತಿದ್ದ.

ಗಾಡಿ ಚಾಲೂ ಮಾಡಿ ಬಾನೆಟ್ಟಿನೊಳಗೆ ತಲೆ ಹಾಕಿದೆ; ಒಂದು ಕೈಯಲ್ಲಿ ಡಿಸ್ಟ್ರಿಬ್ಯೂಟರ್, ಇನ್ನೊಂದರಲ್ಲಿ ಪಾನಾ. ಎಂಜಿನ್ ಇನ್ನೇನು ಬಂದ್ ಬೀಳಬೇಕು, ರೂಢಿಯಿಂದ ಕೂಗಿಬಿಟ್ಟೆ, "ಅಣ್ಣಾ, ರೇಸ್ ಕೊಡು!"

ಎಂಜಿನ್ ಏರಿತು. ಪೆಡಲಿನಿಂದ ಕಾರ್ಬೊರೇಟರಿಗೆ ಬರುವ ಕಬ್ಬಿಣದ ಸಳಿ ನನ್ನ ಕಣ್ಣೆದುರೇ ಎಳೆದುಕೊಂಡು ನಿಂತಿತ್ತು. ಎತ್ತಿದ ಬಾನೆಟ್ ಅಡ್ಡವಾಗಿ ಸೀಟು ಕಾಣುತ್ತಿರಲಿಲ್ಲ. ಕಿವಿ ಹರಿಯುವಂಥ ಸದ್ದು. "ಸಾಕ್ ಬಿಡೋ!" ಎಂದೆ. ಇಳಿಯಿತು. ಇನ್ನೊಮ್ಮೆ ಕೇಳಿದೆ, ಇನ್ನೊಮ್ಮೆ ಕೊಟ್ಟ.

ಹೆದರಿದಿರಾ ಎಂದು ಕೇಳುತ್ತೀರಿ. ಇಲ್ಲ. ಒಂದು ಹೆಜ್ಜೆ ಪಕ್ಕಕ್ಕೆ ಸರಿದಿದ್ದರೆ ಸೀಟು ಕಾಣುತ್ತಿತ್ತು. ಸರಿಯಲಿಲ್ಲ. ನೋಡಿದರೆ ಮುಗಿದುಹೋಗುತ್ತದೆ ಎನ್ನಿಸಿತು. ಮೂರನೆಯ ಸಲ ಸದ್ದು ಸಾಫ್ ಆಯಿತು, ನಟ್ ಬಿಗಿದೆ. ಆಮೇಲೆ ನೋಡಿದೆ. ಯಾರೂ ಇರಲಿಲ್ಲ. ಅಣ್ಣ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ ನಾನು.

ಸಂಜೆ ಬಂದ ಹೆಂಡತಿ ಜೀಪಿನ ಸದ್ದು ಕೇಳಿ, "ಒಬ್ಬರೇ ಹೆಂಗ ಮಾಡಿದ್ರಿ?" ಎಂದಳು. "ಹೆಂಗೋ ಆತು," ಎಂದೆ. ಮರುದಿನ ಗುಜರಿಯವನು ಚಹಾ ಕುಡಿದು ಬರಿಗೈಯಲ್ಲಿ ಹೋದ.

ಹಿಂದಕ್ಕೆಳೆದು ಹಿಡಿಯುವ ಸ್ಪ್ರಿಂಗ್ ಸಡಿಲಾಗಿ ಸಳಿ ತಾನೇ ಜಾರಿರಬಹುದು ಎಂದು ಬಿಚ್ಚಿ ನೋಡಿದೆ. ಸ್ಪ್ರಿಂಗ್ ಗಟ್ಟಿಯಾಗಿಯೇ ಇತ್ತು. ಜಾರಿದ್ದೇ ನಿಜವಾದರೂ, 'ಬಿಡು' ಎಂದಾಗ ಬಿಟ್ಟದ್ದು ಹೇಗೆ?

ಜೀಪು ಈಗ ಯಾವ ತಕರಾರೂ ಇಲ್ಲದೆ ಓಡುತ್ತದೆ. ಅದೇ ನನ್ನ ತಕರಾರು. ಯಾರೂ ಇಲ್ಲದ ಮಧ್ಯಾಹ್ನ ನೋಡಿ ಬಾನೆಟ್ ಎತ್ತುತ್ತೇನೆ, ನಟ್ ಸಡಿಲಿಸಿ ನೆಟ್ಟಗಿರುವ ಟೈಮಿಂಗನ್ನು ಕೈಯಾರೆ ಕೆಡಿಸುತ್ತೇನೆ. ಸೀಟಿನ ಕಡೆ ನೋಡದೆ ಕೂಗುತ್ತೇನೆ. ಎಂಜಿನ್ ನಡುಗುತ್ತಲೇ ಇರುತ್ತದೆ. ಸ್ವಲ್ಪ ಹೊತ್ತು ಕಾಯುತ್ತೇನೆ. ಆಮೇಲೆ ಪಾನಾ ಕೆಳಗಿಟ್ಟು, ಸಳಿಯನ್ನು ನಾನೇ ಎಳೆಯುತ್ತೇನೆ.