ಮಾತಿನ ತಾಸು

ಅಯ್ಯಮ್ಮನಿಗೆ ಜರ್ಮನ್ ಪದಗಳೆಲ್ಲ ಗೊತ್ತಿದ್ದವು. ಬಾಯಿಗೆ ಬರುತ್ತಿರಲಿಲ್ಲ, ಅಷ್ಟೇ.

ಅವಳು ಕಕ್ಕೇರಾದ ಕೂಲಿ ಮನೆತನದ ಮಗಳು. ಶಹಾಪುರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ಅತಿಥಿ ಉಪನ್ಯಾಸಕಿ. ಕಾಲುವೆ ಬಂದ ಮೇಲೆ ನೀರು ನಿಂತು, ಉಪ್ಪು ಮೇಲೆದ್ದು, ಸವಳು ಹಿಡಿದ ಹೊಲಗಳನ್ನು ಚಿಕ್ಕಂದಿನಿಂದ ಕಂಡವಳು. ಆ ಮಣ್ಣಿನ ಬಗ್ಗೆಯೇ ಓದುತ್ತೇನೆಂದು ಬರೆದುಕೊಂಡಾಗ ಜರ್ಮನಿಯ ಒಂದು ವಿಶ್ವವಿದ್ಯಾಲಯ ಸೀಟು ಕೊಟ್ಟಿತು. ಷರತ್ತು ಒಂದೇ: ಹೈದರಾಬಾದಿನಲ್ಲಿ ನಡೆಯುವ ಜರ್ಮನ್ ಪರೀಕ್ಷೆ ಪಾಸಾಗಬೇಕು. ಅದರಲ್ಲಿ ಎದುರು ಕೂತು ಮಾತಾಡುವ ಭಾಗವೂ ಇತ್ತು.

ಅವಳಿಗೆ ಅಂಜಿಕೆ ಅದರದೇ. ಎಂ.ಎಸ್ಸಿ. ಮೌಖಿಕ ಪರೀಕ್ಷೆಯಲ್ಲಿ, ಉತ್ತರ ಗೊತ್ತಿದ್ದೂ ಅವಳ ಬಾಯಿಂದ ಇಂಗ್ಲಿಷ್ ಹೊರಟಿರಲಿಲ್ಲ. ಹೊರಗಿನಿಂದ ಬಂದ ಪರೀಕ್ಷಕರು ಪಕ್ಕದವರ ಕಡೆ ತಿರುಗಿ, “ಈ ಹುಡುಗಿಗೆ ಮಾತು ಬರುತ್ತದೆ ತಾನೆ?” ಎಂದಿದ್ದರು. ಕೋಣೆಯಲ್ಲಿದ್ದವರು ನಕ್ಕಿದ್ದರು. ಅಂದಿನಿಂದ ಮೇಜಿನ ಆಚೆ ಅಪರಿಚಿತರು ಕೂತರೆ ಸಾಕು, ಅವಳ ನಾಲಿಗೆ ಒಣಗುತ್ತಿತ್ತು.

ಜರ್ಮನ್ ಪಾಠ ಫೋನಿನಲ್ಲಿ, ಹತ್ತಾರು ಜನರ ಜೊತೆ ನಡೆಯುತ್ತಿತ್ತು. ಕಲಿಸುವವರು ಅಮೃತಮ್ಮ, ಹೈದರಾಬಾದಿನಲ್ಲಿ ನೆಲೆಸಿದ ಕಲಬುರಗಿ ಕಡೆಯವರು. ಒಂದು ದಿನ ಕಾಲೇಜಿನ ಪದಗಳ ಪಾಠವಿತ್ತು. ‘ಫೋರ್‌ಲೇಜುಂಗ್’ ಎಂದರೆ ಉಪನ್ಯಾಸ. ಮೇಷ್ಟ್ರು ಮುಂದೆ ನಿಂತು ಓದುವುದು, ಉಳಿದವರು ಸುಮ್ಮನೆ ಕೂರುವುದು. ಆ ಪದ ಅಯ್ಯಮ್ಮನಿಗೆ ಹಿಡಿಸಿತು. ‘ಮೆನ್ಸಾ’ ಎಂದರೆ ವಿದ್ಯಾರ್ಥಿಗಳ ಊಟದ ಮನೆ. ಆಮೇಲೆ ಬಂತು ‘ಶ್ಪ್ರೆಷ್‌ಶ್ಟುಂಡೆ’. ಪ್ರೊಫೆಸರರ ಕೋಣೆಗೆ ಹೋಗಿ ಅವರೊಡನೆ ಮಾತಾಡಲೆಂದು ಇಟ್ಟ ಸಮಯ. ಪದ ಬಿಡಿಸಿದರೆ ‘ಮಾತಿನ ತಾಸು’. ಅಯ್ಯಮ್ಮನ ಎದೆ ಧಸಕ್ಕೆಂದಿತು. ಒಬ್ಬಳೇ, ಮುಚ್ಚಿದ ಬಾಗಿಲ ಹಿಂದೆ, ಒಂದು ತಾಸು ಏನು ಮಾತಾಡುವುದು?

“ಅಯ್ಯಮ್ಮ, ನೀವು ಹೇಳ್ರಿ ಈಗ,” ಎಂದರು ಅಮೃತಮ್ಮ.

ಅಯ್ಯಮ್ಮ ಮೈಕು ತೆರೆಯಲಿಲ್ಲ. ‘ನೆಟ್‌ವರ್ಕ್ ಇಲ್ರಿ ಮೇಡಂ’ ಎಂದು ಟೈಪು ಮಾಡಿದಳು. ಪ್ರತಿ ಪಾಠದಲ್ಲೂ ಹೀಗೇ ಆಗುತ್ತಿತ್ತು.

ನಾಟಿ ಮುಗಿಸಿ ಬಂದು ಹೊಸ್ತಿಲಲ್ಲಿ ಕೂತಿದ್ದ ತಾಯಿ ಹಣಮಮ್ಮನಿಗೆ ಓದು ಬಾರದು. ಆದರೆ ಮಗಳ ಮುಖ ಓದುತ್ತಿದ್ದಳು.

“ಆಕಿ ಮಾತು ನನಗ ಇಲ್ಲಿತನ ಕೇಳಾಕತ್ತೈತಿ. ನೀ ಯಾಕ ಬಾಯಿ ಬಿಡವಲ್ಲಿ?”

“ಅಂಜಿಕಿ ಬರ್ತೈತಬೇ.”

“ಯಾರಂಜಿಕಿ?”

“ನಗತಾರಂತ.”

ಹಣಮಮ್ಮ ಕಾಲಿನ ಕೆಸರು ತಿಕ್ಕುತ್ತ ಹೇಳಿದಳು: “ಕಾಲುವಿಗೆ ಹೊಸದಾಗಿ ನೀರು ಬಿಟ್ಟಾಗ ನಾ ಸಣ್ಣಾಕಿ. ಅಷ್ಟು ನೀರು ಹರಿಯೂದು ಕಂಡೇ ಇರಲಿಲ್ಲ. ಮ್ಯಾಲೊಂದು ದಿಮ್ಮಿ ಹಾಕಿದ್ರು. ಎಲ್ಲಾರೂ ನಡದು ದಾಟಿದ್ರು. ನಾ ಕುಂತು, ಕುಂಡಿ ಎಳಕೋತ ದಾಟಿದೆ. ನಕ್ಕರು. ನಗಲಿ. ಆಚಿ ದಂಡಿ ಮುಟ್ಟಿದೆ.”

ಮುಂದಿನ ಪಾಠದಲ್ಲಿ ಅಯ್ಯಮ್ಮ ಮೈಕು ತೆರೆದಳು. ಬಂದದ್ದು ಬರೀ ಉಸಿರು. ಅಮೃತಮ್ಮ ಕಾದರು. ಕಡೆಗೆ ಒಂದು ಪದ ಹೊರಬಿತ್ತು, ಅದೂ ತಪ್ಪಾಗಿ. “ಇರ್ಲಿ, ನಿಮ್ಮ ದನಿ ಕೇಳ್ದೆ,” ಎಂದರು ಅಮೃತಮ್ಮ.

ಪರೀಕ್ಷೆಗೆ ಯಾದಗಿರಿಯಿಂದ ರೈಲು ಹತ್ತಿದಳು. ವಾಡಿಯಲ್ಲಿ ಇಳಿದು ತಿರುಗಿ ಹೋಗಿಬಿಡಲೇ ಎಂದು ಬಾಗಿಲವರೆಗೆ ಬಂದು ನಿಂತಳು. ಹತ್ತುವವರು ಒಳಗೆ ನೂಕಿದರು; ರೈಲು ಹೊರಟುಬಿಟ್ಟಿತು.

ಮೇಜಿನ ಆಚೆ ಇಬ್ಬರು ಪರೀಕ್ಷಕಿಯರು. ಇಬ್ಬಿಬ್ಬರು ಸೇರಿ ಮಾತಾಡಬೇಕಿತ್ತು; ಅವಳಿಗೆ ಜೋಡಿಯಾಗಿ ಸಿಕ್ಕವನು ಅರಳು ಹುರಿದಂತೆ ಮಾತಾಡುವ ಒಬ್ಬ ಹುಡುಗ. ಕಾಲೇಜಿಗೆ ಹೊಸದಾಗಿ ಬರುವ ಗೆಳತಿಗೆ ಇಬ್ಬರೂ ಹೇಗೆ ನೆರವಾಗುತ್ತೀರಿ, ಚರ್ಚಿಸಿ ಎಂದು ಚೀಟಿಯಲ್ಲಿತ್ತು. ಹುಡುಗ ತನ್ನ ಮಾತು ಮುಗಿಸಿ ಅವಳತ್ತ ನೋಡಿದ. ಲೈಬ್ರರಿ ಕಾರ್ಡು ಮಾಡಿಸಿಕೊಡೋಣ ಎನ್ನಬೇಕಿತ್ತು. ಆ ಉದ್ದನೆಯ ಪದವನ್ನು ಎಷ್ಟೋ ಸಲ ಬರೆದಿದ್ದಳು. ಈಗ ಅದು ತಲೆಯಿಂದ ಹಾರಿಹೋಗಿತ್ತು. ಕುರ್ಚಿಯ ಅಂಚು ಬಿಗಿಯಾಗಿ ಹಿಡಿದಳು.

“ಕಾರ್ಡು,” ಎಂದಳು ಜರ್ಮನಿನಲ್ಲಿ. “ಪುಸ್ತಕಕ್ಕೆ. ಪುಸ್ತಕ ಮನೆಗೆ ಬರುತ್ತದೆ. ಆಮೇಲೆ ತಿರುಗಿ ಹೋಗುತ್ತದೆ.”

ಹುಡುಗ ನಕ್ಕ. ಪರೀಕ್ಷಕಿಯರು ನಗಲಿಲ್ಲ. “ಸರಿ, ಮುಂದೆ?” ಎಂದು ಒಬ್ಬರು ಕೇಳಿದರು. ಅಯ್ಯಮ್ಮನ ದನಿ ನಡುಗುತ್ತಲೇ ಇತ್ತು, ಆದರೆ ನಿಲ್ಲಲಿಲ್ಲ.

ಮಾತಿನ ಭಾಗದಲ್ಲಿ ಅವಳು ಅಂಚಿನಲ್ಲಿ ಪಾಸಾದಳು. ಧ್ವನಿಮುದ್ರಣ ಕೇಳಿ ಉತ್ತರ ಬರೆಯುವ ಭಾಗದಲ್ಲಿ ಫೇಲಾದಳು. ವಿಶ್ವವಿದ್ಯಾಲಯ ಒಂದು ಸೆಮಿಸ್ಟರ್ ತಡವಾಗಿ ಬರಲು ಒಪ್ಪಿತು. ಎರಡನೆಯ ಸಲ ಆ ಭಾಗವೂ ಪಾಸಾಯಿತು.

ಜರ್ಮನಿಗೆ ಹೋದ ಮೇಲೆ ಮೊದಲ ಸಲ ಪ್ರೊಫೆಸರರನ್ನು ಕಾಣಬೇಕಾದ ದಿನ, ಅಯ್ಯಮ್ಮ ಅವರ ಬಾಗಿಲ ಹೊರಗೆ ಬಹಳ ಹೊತ್ತು ನಿಂತಳು. ಒಳಗಿದ್ದ ವಿದ್ಯಾರ್ಥಿ ಹೊರಬಂದು, ಅವಳಿಗಾಗಿ ಬಾಗಿಲನ್ನು ತೆರೆದೇ ಬಿಟ್ಟು ಹೋದ. ಅವಳು ಒಳಗೆ ಹೋಗಿ, ಕೂರುವ ಮೊದಲೇ, ತನ್ನ ಹೆಸರು ಹೇಳಿದಳು.